ಗುಹೆಯ ಮಕರಂದ ಬಾವಲಿಯನ್ನು ನೋಡುವುದು ಹೇಗೆ?

ಈ ಬಾವಲಿ ನೋಡಬೇಕು ಅಂದ್ರೆ ಗುಹೆಗೆ ಹೋಗಬೇಡಿ, ಹೂವಿನ ಹತ್ತಿರ ಕಾಯಿರಿ. ಹಗಲಲ್ಲಿ ಇವು ಗುಹೆಯ ಚಾವಣಿಗೆ ಗುಂಪಾಗಿ ನೇತಾಡುತ್ತವೆ, ಮರಿಯನ್ನು ಎದೆಗೆ ಅಂಟಿಸಿಕೊಂಡ ತಾಯಂದಿರೂ ಇರುತ್ತವೆ. ಟಾರ್ಚ್ ಹಿಡಿದು ನುಗ್ಗಿದರೆ ಇಡೀ ಗುಂಪು ಚದುರಿ ಮರಿ ಕೆಳಗೆ ಬೀಳಬಹುದು.

ವೈಜ್ಞಾನಿಕ ಹೆಸರು ಇಯೋನಿಕ್ಟೆರಿಸ್ ಸ್ಪೆಲಿಯಾ. ಥಾಯ್ಲೆಂಡ್, ಮಲೇಷ್ಯಾ ಕಡೆ ಜಾಸ್ತಿ. ಕರ್ನಾಟಕದಲ್ಲೂ ದಾಖಲಾಗಿದೆ, ಆದರೆ ನಮ್ಮಲ್ಲಿ ಗೊತ್ತಿರುವವರು ಕಡಿಮೆ.

ಮೊದಲು ಮರ ಹುಡುಕಿ. ಥಾಯ್ಲೆಂಡ್, ಮಲೇಷ್ಯಾಗೆ ಹೋಗಿದ್ದರೆ ಹೂ ಬಿಟ್ಟ ದುರಿಯನ್ (ಮುಳ್ಳು ಸಿಪ್ಪೆಯ ಹಣ್ಣು) ತೋಟ ಎಲ್ಲಕ್ಕಿಂತ ಒಳ್ಳೆಯದು, ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ. ಆಯುರ್ವೇದದ ದಶಮೂಲದಲ್ಲಿ ಬಳಸುವ ಶ್ಯೋನಾಕದ ಮರವೂ ಆಗುತ್ತದೆ. ಕತ್ತಿಯಂಥ ಉದ್ದದ ಕಾಯಿ ನೇತಾಡುತ್ತಿದ್ದು, ಬೆಳಿಗ್ಗೆ ಬುಡದಲ್ಲಿ ದಪ್ಪ ಎಸಳಿನ, ಕೆಟ್ಟ ವಾಸನೆಯ ಹೂವು ಉದುರಿದ್ದರೆ ಅದೇ ಮರ, ರಾತ್ರಿ ಅಲ್ಲೇ ಬನ್ನಿ.

ಕತ್ತಲಾಗುವ ಮೊದಲೇ ಜಾಗ ಹಿಡಿಯಿರಿ. ಹೂವಿನ ಹಿಂದೆ ಆಕಾಶ ಕಾಣುವ ಹಾಗೆ ಸ್ವಲ್ಪ ದೂರದಲ್ಲಿ ಕೂತರೆ ಬಾವಲಿಯ ಆಕಾರ ಚೆನ್ನಾಗಿ ಕಾಣುತ್ತದೆ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಫ್ಲ್ಯಾಶ್ ಬೇಡವೇ ಬೇಡ. ಇದು ಹೆಚ್ಚಾಗಿ ಕಣ್ಣು, ಮೂಗು ನಂಬಿಕೊಂಡು ಹಾರುವ ಪ್ರಾಣಿ ಅಲ್ವಾ, ಜೋರು ಬೆಳಕು ಬಿದ್ದರೆ ವಾಪಸ್ ಹೋಗುತ್ತದೆ.

ಬಂದಾಗ ಕಣ್ಣು ಮಿಟುಕಿಸಬೇಡಿ. ಎಸಳನ್ನು ಹಿಡಿದು ಹೂವಿನೊಳಗೆ ತಲೆ ತೂರಿಸುತ್ತದೆ, ಭಾರಕ್ಕೆ ಹೂವು ಬಾಗುತ್ತದೆ, ಉದ್ದ ನಾಲಿಗೆಯಿಂದ ಮಕರಂದ ನೆಕ್ಕಿ ಒಂದೆರಡು ಸೆಕೆಂಡಿನಲ್ಲಿ ಹಾರಿಬಿಡುತ್ತದೆ, ಮೈಗೆ ಅಂಟಿದ ಪರಾಗ ಮುಂದಿನ ಮರಕ್ಕೆ ಹೋಗುತ್ತದೆ.

ನಮ್ಮ ಸಾಮಾನ್ಯ ಹಣ್ಣಿನ ಬಾವಲಿಯೂ ಬಾಳೆ ಹೂವಿಗೆ ಬರುವುದರಿಂದ ಗುರುತಿಸುವಾಗ ಹುಷಾರು. ಅದರ ಮೂತಿ ಗಿಡ್ಡ, ಇದರದು ಸಪೂರ, ಉದ್ದ. ಖಚಿತ ಗುರುತು ರೆಕ್ಕೆಯಲ್ಲಿದೆ: ಹಣ್ಣಿನ ಬಾವಲಿಗಳಲ್ಲಿ ಸಾಮಾನ್ಯವಾಗಿ ಹೆಬ್ಬೆರಳಿಗೂ ತೋರುಬೆರಳಿಗೂ ಉಗುರು ಇರುತ್ತದೆ, ಇದಕ್ಕೆ ಹೆಬ್ಬೆರಳಿಗೆ ಮಾತ್ರ. ಹಾರುವಾಗ ಈ ಗುರುತು ಬರಿಗಣ್ಣಿಗೆ ಸಿಗಲ್ಲ. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ವಿಡಿಯೊ ಮಾಡಿ, ಆಮೇಲೆ ನಿಧಾನಕ್ಕೆ ನೋಡಿ. ತೋರುಬೆರಳಿಗೆ ಉಗುರು ಇದೆಯೋ ಇಲ್ಲವೋ ಸ್ಪಷ್ಟವಾಗದಿದ್ದರೆ ಸುಮ್ನೆ ಹೆಸರು ಹಚ್ಚಬೇಡಿ, 'ಬಾವಲಿ' ಅಂತಷ್ಟೇ ಬರೆದಿಡಿ.

ಹತ್ತಿರದಲ್ಲಿ ಗುಹೆ ಇಲ್ಲ ಅಂತ ಬಿಟ್ಟುಕೊಡಬೇಡಿ. ಮಲೇಷ್ಯಾದ ಬಟು ಗುಹೆಗಳ ಬಾವಲಿಗಳು ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಹೂವಿಗಾಗಿ 30 ಕಿ.ಮೀ.ಗೂ ಜಾಸ್ತಿ ಹಾರುವುದು 1970ರ ದಶಕದಲ್ಲೇ ಗೊತ್ತಾಗಿತ್ತು.

ಕೆಳಗೆ ಬಿದ್ದ ಬಾವಲಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.