ಮುದ್ದೆಯನ್ನೂ ತೂಗಬಹುದು: ಟೈಪ್ 1 ಮಗುವಿರುವ ಅಡುಗೆಮನೆಯ ಲೆಕ್ಕ

ಟೈಪ್ 1 ಮಧುಮೇಹ ಅಂದ್ರೆ ಮೈಯಲ್ಲಿ ಇನ್ಸುಲಿನ್ನೇ ಸಾಕಷ್ಟು ತಯಾರಾಗಲ್ಲ; ಊಟದಲ್ಲಿ ಎಷ್ಟು ಕಾರ್ಬ್ (ರಕ್ತದಲ್ಲಿ ಸಕ್ಕರೆಯಾಗೋ ಪಿಷ್ಟ, ಸಕ್ಕರೆ) ಇದೆ ಅಂತ ನೋಡಿ ಇನ್ಸುಲಿನ್ ಚುಚ್ಚಬೇಕು. ಮುದ್ದೆಗೆ ಆ ಕಾರ್ಬ್ ಲೆಕ್ಕ ಹಾಕೋಕಾಗಲ್ಲ ಅಂದವರು ಒಬ್ಬಿಬ್ಬರಲ್ಲ. ಡಯಟ್ ಚಾರ್ಟಿನಲ್ಲಿ ‘ಮುದ್ದೆ, ಮಧ್ಯಮ ಗಾತ್ರ, 1’ ಅಂತಿರುತ್ತೆ. ಮಧ್ಯಮ ಅಂದ್ರೆ ಯಾರ ಕೈಯಳತೆ? ನೆಂಟರದ್ದು ಬೇರೆ ರಾಗ: ರಾಗಿ ಶುಗರ್‌ಗೆ ಒಳ್ಳೇದು, ಎಷ್ಟಾದ್ರೂ ಕೊಡಿ, ಅನ್ನ ಮುಟ್ಟಿಸಬೇಡಿ. ಟೈಪ್ 2 ಇರೋ ಅಜ್ಜನ ಪಥ್ಯವನ್ನ ಟೈಪ್ 1 ಮಗುವಿನ ತಲೆಗೆ ಕಟ್ಟೋದು ಇದು. 100 ಗ್ರಾಂ ರಾಗಿಹಿಟ್ಟಿನಲ್ಲಿ ಹೆಚ್ಚುಕಡಿಮೆ 67 ಗ್ರಾಂ ಕಾರ್ಬ್, ಅಕ್ಕೀಲಿ 78. ಇಷ್ಟು ಅಂತರ ನೆಚ್ಚಿಕೊಂಡು ಇನ್ಸುಲಿನ್ ಬಿಡೋಕಾಗುತ್ತಾ?

ಮೊದಲು ಕೈಕೊಟ್ಟ ದಾರಿಗಳು. ಹಿಟ್ಟನ್ನ ಕಪ್ಪಿನಲ್ಲಿ ಅಳೆದ್ರೆ ಒತ್ತಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ್ದಕ್ಕೂ 25–30 ಗ್ರಾಂ ವ್ಯತ್ಯಾಸ. ಆ್ಯಪ್‌ಗಳಲ್ಲಿ ಮುದ್ದೆ ಅಂತ ಹುಡುಕಿದ್ರೆ ಮೂರು ಆ್ಯಪ್, ಮೂರು ಸಂಖ್ಯೆ. ಬೆಂದ ಮುದ್ದೆಗೆ ‘100 ಗ್ರಾಂಗೆ 25’ ಅಂತ ಒಂದೇ ಅಂಕಿ ಹಿಡಿದದ್ದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸ್ತು. ಎಸರು ಸ್ವಲ್ಪ ಜಾಸ್ತಿಯಾದ ದಿನ ಮುದ್ದೆ ಮೆತ್ತಗೆ, ತೂಕ ಜಾಸ್ತಿ, ಹಿಟ್ಟು ಅಷ್ಟೇ. ಲೆಕ್ಕದಲ್ಲಿ ಕಾರ್ಬ್ ಹೆಚ್ಚು ಕಂಡು ಡೋಸ್ ಏರುತ್ತೆ, ಉಂಡು ಎರಡು ಗಂಟೆಯಾಗೋ ಹೊತ್ತಿಗೆ ಮೀಟರಿನಲ್ಲಿ ಶುಗರ್ 60ಕ್ಕೆ ಕುಸಿದಿರುತ್ತೆ.

ಗೆದ್ದದ್ದು ಹಸಿ ಹಿಟ್ಟಿನ ಲೆಕ್ಕ. ಎಸರಿಗೆ ಹಾಕೋ ಹಿಟ್ಟನ್ನ ತೂಗಿಡಿ, 250 ಗ್ರಾಂ ಅನ್ನಿ. ಅದರಲ್ಲಿ ಕಾರ್ಬ್ 167. ಕೋಲಾಡಿಸಿ, ಉಂಡೆ ಕಟ್ಟಿದ ಮೇಲೆ ಎಲ್ಲಾ ಉಂಡೆಗಳನ್ನೂ ಒಟ್ಟಿಗೆ ತೂಗಿ, 740 ಗ್ರಾಂ ಬಂತು ಅಂದ್ಕೊಳ್ಳಿ. 167 ಭಾಗಿಸು 740, ಅಂದ್ರೆ 0.226. ಇದು ಆವತ್ತಿನ ಪಾತ್ರೆಯ ಅಂಕಿ. ಮಗುವಿನ ತಟ್ಟೆಗೆ 160 ಗ್ರಾಂ ಹೋದ್ರೆ ಕಾರ್ಬ್ 36. ನಮ್ಮಲ್ಲಿ ಮಧ್ಯಾಹ್ನ 12 ಗ್ರಾಂ ಕಾರ್ಬಿಗೆ 1 ಯೂನಿಟ್ ಇನ್ಸುಲಿನ್, ಹಾಗಾಗಿ 3 ಯೂನಿಟ್. ಬೆಳಿಗ್ಗೆ ಅದೇ ಮಗುವಿಗೆ 8 ಗ್ರಾಂಗೇ 1 ಬೇಕು. ನಿಮ್ಮ ಮಗುವಿನ ಅನುಪಾತ ನಿಮ್ಮ ಡಾಕ್ಟರ್ ಹತ್ರ ಕೂತು ತೆಗೀಬೇಕು, ಇಲ್ಲಿಂದ ಎತ್ಕೋಬೇಡಿ. ತಳಕ್ಕೆ ಹತ್ತಿದ ಹತ್ತು ಹದಿನೈದು ಗ್ರಾಂ ಲೆಕ್ಕಕ್ಕಿಲ್ಲ. ನುಚ್ಚಕ್ಕಿ ಹಾಕೋ ಮನೆಯಾದ್ರೆ ಅದನ್ನೂ ಹಸಿಯಾಗೇ ತೂಗಿ, 78ರ ಲೆಕ್ಕದಲ್ಲಿ ಸೇರಿಸಿ. ಸೊಪ್ಪಿನ ಸಾರನ್ನ ಲೆಕ್ಕದಿಂದ ಬಿಟ್ಟುಬಿಡಿ, ಬೇಳೆ ಗಟ್ಟಿಯಾಗಿದ್ರೆ ಮಾತ್ರ ಎಣಿಸಿ.

ತಕ್ಕಡಿ 350 ರೂಪಾಯಿಯದ್ದೇ ಸಾಕು, ಆದ್ರೆ ಅದರ ಗುಣ ಗೊತ್ತಿರಬೇಕು. ಬಿಸಿ ತಟ್ಟೆ ನೇರ ಇಟ್ರೆ ಅಂಕಿ ಮೆಲ್ಲಗೆ ತೆವಳುತ್ತೆ. ಕೆಳಗೆ ಒಂದು ಮರದ ಮಣೆ ಇಟ್ಟು ಸೊನ್ನೆ ಮಾಡ್ಕೊಳ್ಳಿ. ಕೈ ತೊಳೆದು ಬರೋಷ್ಟರಲ್ಲಿ ತಾನೇ ಆಫ್ ಆಗಿ ಸೊನ್ನೆ ಮರೆತಿರುತ್ತೆ, ಅದಕ್ಕೇ ಖಾಲಿ ತಟ್ಟೆಯ ತೂಕವನ್ನ ಅದರ ಹಿಂಭಾಗದಲ್ಲೇ ಮಾರ್ಕರಿನಲ್ಲಿ ಬರೆದಿಡೋದು ವಾಸಿ. ಸೆಲ್ ಸೋತಾಗ ಸುಳ್ಳು ಹೇಳುತ್ತೆ, ಒಡೆಯದ ಒಂದು ಕೇಜಿ ಉಪ್ಪಿನ ಪ್ಯಾಕೆಟ್ ಇಟ್ಟು ಆಗಾಗ ಪರೀಕ್ಷಿಸಿ.

ಅರ್ಧ ತಿಂದು ಎದ್ದುಹೋಗೋ ಮಕ್ಕಳಿಗೆ ಪೂರ್ತಿ ಡೋಸ್ ಮೊದಲೇ ಹಾಕಿದ್ರೆ ಆಮೇಲೆ ಬಾಳೆಹಣ್ಣು ಹಿಡಿದು ಹಿಂದೆ ಓಡ್ಬೇಕು. ಖಂಡಿತ ತಿನ್ನೋ ಭಾಗಕ್ಕೆ ಮಾತ್ರ ಹದಿನೈದು ನಿಮಿಷ ಮುಂಚೆ, ಉಳಿದದ್ದು ತಟ್ಟೆ ನೋಡಿ. ಇದು ಲಿಸ್ಪ್ರೊ, ಆಸ್ಪಾರ್ಟ್ ಥರದ ಬೇಗ ಕೆಲಸ ಮಾಡೋ ಇನ್ಸುಲಿನ್‌ಗಳಿಗೆ. ಅವಕ್ಕಿಂತ ನಿಧಾನದ ರೆಗ್ಯುಲರ್ ಇನ್ಸುಲಿನ್ ಇದ್ರೆ ಅರ್ಧ ಗಂಟೆ ಮುಂಚೆ ಹಾಕ್ಬೇಕು, ಈ ಚೌಕಾಸಿಗೆ ಅದರಲ್ಲಿ ಜಾಗವೇ ಇಲ್ಲ.

ಮೈಗೆ ಅಂಟಿಕೊಂಡು ಶುಗರನ್ನ ಸತತವಾಗಿ ಅಳೆಯೋ ಸೆನ್ಸರ್ ಹಾಕಿದ್ದಾಗ ರಾಗಿ ಗಂಜಿ ಮತ್ತು ಮುದ್ದೆಯನ್ನ ಒಂದೇ ಕಾರ್ಬ್ ಬರೋ ಹಾಗೆ ಕೊಟ್ಟು ನೋಡಿದ್ವಿ. ಗಂಜಿ ಮುಕ್ಕಾಲು ಗಂಟೆಗೇ ತುದಿ ಮುಟ್ಟಿ 240 ದಾಟ್ತು, ಮುದ್ದೆ ಒಂದೂಕಾಲು ಗಂಟೆ ತಗೊಂಡು 180ರ ಹತ್ರ ನಿಂತಿತು. ರಾಗಿ ನಿಧಾನ ಅನ್ನೋರಿಗೆ ಈ ಎರಡು ಗೆರೆ ತೋರಿಸಿದ ಮೇಲೆ ಮಾತು ನಿಂತಿದೆ. ಒಬ್ಬಟ್ಟು ಉಲ್ಟಾ: ಒಂದಕ್ಕೆ 40–45 ಗ್ರಾಂ ಕಾರ್ಬ್, ಆದ್ರೆ ತುಪ್ಪ ಸೇರಿ ಶುಗರ್ ತಡವಾಗಿ ಏರುತ್ತೆ. ಡಾಕ್ಟರ್ ಒಪ್ಪಿದ ಮೇಲೆ ಅದಕ್ಕೆ ಡೋಸನ್ನ ಎರಡಾಗಿ ಒಡೀತೀವಿ. ಮದುವೆ ಊಟಕ್ಕೆ ಒಡೆಯೋ ಲೆಕ್ಕ ಮಾತ್ರ ಇಲ್ಲಿ ಬರೆಯಲ್ಲ, ಅದು ನಮ್ಮ ಮಗುವಿನ ಮೈಗೆ ಹೊಲಿದದ್ದು.

ಖರ್ಚು. ಮೀಟರಿನಲ್ಲಿ ಶುಗರ್ ನೋಡೋ ಸ್ಟ್ರಿಪ್ ಒಂದಕ್ಕೆ 20 ರೂಪಾಯಿ ಚಿಲ್ಲರೆ, ದಿನಕ್ಕೆ ಆರಾದ್ರೆ ತಿಂಗಳಿಗೆ ನಾಲ್ಕು ಸಾವಿರದ ಹತ್ರ. ಹದಿನಾಲ್ಕು ದಿನದ ಸೆನ್ಸರ್ ಐದು ಸಾವಿರದ ಆಸುಪಾಸು. ಸತತವಾಗಿ ಹಾಕೋ ಶಕ್ತಿ ನಮಗಿಲ್ಲ. ಎರಡು ಮೂರು ತಿಂಗಳಿಗೊಂದು ಹಾಕಿ ಅನುಪಾತ ಸರಿಮಾಡ್ಕೊಂಡು, ಮಿಕ್ಕ ದಿನ ಸ್ಟ್ರಿಪ್ಪಿನಲ್ಲೇ ಸಾಗುತ್ತೆ. ಒಂಬತ್ತೂವರೆ ಇದ್ದ, ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ ಈಗ ಏಳು ಚಿಲ್ಲರೆ. ದುಡ್ಡುಳಿಸೋಕೆ ಪೆನ್ ಬಿಟ್ಟು ಇನ್ಸುಲಿನ್ ಸೀಸೆಗೆ, ಅಂದ್ರೆ ವಯಲ್‌ಗೆ ಹೋಗೋರು ಒಂದು ನೋಡಿ: ವಯಲ್ ಬಹುಪಾಲು ಮಿಲಿಗೆ 40 ಯೂನಿಟ್, ಪೆನ್ ಕಾರ್ಟ್ರಿಡ್ಜ್ 100. ಪೆನ್ ಇನ್ಸುಲಿನ್ನನ್ನ ಕೆಂಪು ಮುಚ್ಚಳದ 40ರ ಸಿರಿಂಜಿಗೆ ಎಳೆದ್ರೆ ಡೋಸ್ ಎರಡೂವರೆ ಪಟ್ಟು. ಎರಡೂ ಇರೋ ಮನೇಲಿ ಡಬ್ಬ ಬೇರೆ, ಕಪಾಟೂ ಬೇರೆ ಇರಲಿ.

ಕರೆಂಟ್ ಹೋಗೋ ಊರಲ್ಲಿ ಇನ್ಸುಲಿನ್ ತಂಪಾಗಿಡೋಕೆ ಮಡಕೆಯೊಳಗೆ ಮಡಕೆ, ನಡುವೆ ಒದ್ದೆ ಮರಳು, ಒಳಗೆ ಒಣ ಸ್ಟೀಲ್ ಡಬ್ಬಿ. ರಾಯಚೂರು ಕಡೆಯ ಒಣ ಬೇಸಿಗೇಲಿ ಹೊರಗಿಗಿಂತ ಎಂಟು ಡಿಗ್ರಿವರೆಗೆ ಕಡಿಮೆ ಕಂಡಿದ್ದೀವಿ. ಮಂಗಳೂರಿನಲ್ಲಿ ಎರಡು ಡಿಗ್ರಿಯೂ ಇಳೀಲಿಲ್ಲ, ಅಲ್ಲಿ ಗಾಳಿಯೇ ಒದ್ದೆ.

ಶುಗರ್ 70ಕ್ಕಿಂತ ಕೆಳಗಿಳಿದು ಲೋ ಆದಾಗ ಚಾಕೊಲೇಟ್ ಬೇಡ, ಕೊಬ್ಬು ಸಕ್ಕರೆಯನ್ನ ತಡೆಹಿಡಿಯುತ್ತೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಪೂರ್ತಿ ಸಕ್ಕರೆಯೇ. ತೂಗಿ, ಪುಡಿಮಾಡಿ, 10 ಗ್ರಾಂ ಪೊಟ್ಟಣ ಕಟ್ಟಿ ಸ್ಕೂಲ್ ಬ್ಯಾಗಿನ ಸೈಡ್ ಜೇಬಿಗೆ ಹಾಕಿ. ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಿ, 70 ದಾಟದಿದ್ರೆ ಇನ್ನೊಂದು. ಮಂಪರಿನಲ್ಲಿದ್ದು ನುಂಗಲಾರದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಪರೀಕ್ಷೆ ಹಾಲಿಗೆ ಪೊಟ್ಟಣ ಬಿಡಲ್ಲ ಅಂತ ತಕರಾರು ತೆಗೆದ್ರೆ ಸಿಬಿಎಸ್‌ಇ 2017ರಲ್ಲೇ ಟೈಪ್ 1 ಮಕ್ಕಳಿಗೆ ತಿನಿಸು ಒಯ್ಯೋಕೆ ಅನುಮತಿ ಕೊಟ್ಟಿರೋದನ್ನ ಮುಂದಿಡಿ. ಡಾಕ್ಟರ್ ಪತ್ರದ ಜೆರಾಕ್ಸ್ ನಾಲ್ಕಾದ್ರೂ ಇರಲಿ, ಒಂದೊಂದು ಕಡೆ ಒಂದೊಂದನ್ನ ಇಟ್ಕೊಂಡುಬಿಡ್ತಾರೆ.