ಪ್ಯಾಂಟ್ ಸೈಜ್ ನಂಬಬ್ಯಾಡ್ರಿ, ಟೇಪ್ ಹಿಡಿದು ಹೊಟ್ಟಿ ಅಳೀರಿ

ಪುಣೆಯಾಗಿರೋ ನಮ್ ಕನ್ನಡ ಮಂದಿ, ಅದರಾಗೂ ಹಿಂಜವಡಿ ಕಡೆ ದಿನಾ ಕುರ್ಚಿ ಮ್ಯಾಲ ಕೂತು ಕೆಲಸ ಮಾಡೋರು, "ನಂದೇನ್ ತೂಕ ಜಾಸ್ತಿ ಇಲ್ಲಪಾ" ಅಂತ ನಿಶ್ಚಿಂತಿಯಿಂದ ಇರ್ತಾರ, ಕೈಕಾಲು ಸಣ್ಣ, ಹೊಟ್ಟಿ ಮಾತ್ರ ಮುಂದ. ಹಾರ್ಟ್‌ಗೆ ಪೆಟ್ಟು ಕೊಡೋದು ಆ ಹೊಟ್ಟಿನ ನೋಡ್ರಿ. ಇದೇ ಊರಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರದೂ ಇಂಗ್ಲೆಂಡಿನ ಡಾ. ಯುಡ್ಕಿನ್ ಅವರದೂ ಬಿಎಂಐ (ಎತ್ತರಕ್ಕ ತಕ್ಕಂಗ ತೂಕದ ಲೆಕ್ಕ) ಒಂದೇ, 22.3, ಆದ್ರ ಮೈಯಾಗಿನ ಕೊಬ್ಬು ಯುಡ್ಕಿನ್‌ದು 9.1%, ಯಾಜ್ಞಿಕರದು 21.2%. 2004ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಾಗ ಇದು ಬಂತು. ಅಂದ್ರ ತೂಕದ ಕಾಟಾ ನಮಗ ಪೂರ್ತಿ ಖರೆ ಹೇಳೂದಿಲ್ಲ.

ಹಂಗಾಗಿ ಮೊದಲು ಅಳತಿ. ಬೆಳಿಗ್ಗೆ ಖಾಲಿ ಹೊಟ್ಟಿಲೆ, ಅಂಗಿ ಸರಿಸಿ ನೆಟ್ಟಗ ನಿಂದರ್ರಿ. ಬಾಜೂಕ ಬೆರಳು ಒತ್ತಿ ಕೊನೀ ಪಕ್ಕೆಲುಬು ಎಲ್ಲಿ ಮುಗೀತದ ಹುಡುಕ್ರಿ, ಆಮ್ಯಾಲ ಸೊಂಟದ ಎಲುಬಿನ ಮ್ಯಾಲಿನ ಅಂಚು, ಎರಡರ ನಟ್ಟನಡುವ ಟೇಪ್ ಸುತ್ತಬೇಕು, ಹಿಂದ ಜಾರಬಾರದು (ಮನಿಯವ್ರಿಗೆ ನೋಡ್ಲಿಕ್ಕೆ ಹೇಳ್ರಿ), ಉಸಿರು ಸಹಜ ಬಿಟ್ಟಾಗ ಓದ್ರಿ, ಹೊಟ್ಟಿ ಒಳಗ ಎಳಕೋಬ್ಯಾಡ್ರಿ. ಗಂಡಸ್ರಿಗೆ 90 ಸೆಂ.ಮೀ., ಹೆಂಗಸ್ರಿಗೆ 80, ಅದರ ಮ್ಯಾಲ ಹೋದ್ರ ಹುಷಾರಾಗ್ರಿ. ಪ್ಯಾಂಟ್ 34 ಅಂತ ಹೇಳಬ್ಯಾಡ್ರಿ, ಪ್ಯಾಂಟ್ ಹೊಟ್ಟಿ ಕೆಳಗ ಕೂತಿರ್ತದ.

ಯಾಕ ಇಷ್ಟು ಒತ್ತಿ ಹೇಳ್ತೀನಿ ಅಂದ್ರ, ಕರಳಿನ ಸುತ್ತ ಕೂತ ಕೊಬ್ಬು ಸುಮ್ನ ಕೂಡೂದಿಲ್ಲ, ಹಾರ್ಮೋನ್ ತಯಾರ ಮಾಡ್ತದ. ಲೆಪ್ಟಿನ್ ಅಂತ ಒಂದು, 1994ರಾಗ ಸಿಕ್ಕಿದ್ದು, ಅದು ಹಸಿವು ಕಡಿಮಿ ಮಾಡಬೇಕು, ಆದ್ರ ಕೊಬ್ಬು ಹೆಚ್ಚಾದಂಗ ಲೆಪ್ಟಿನ್ನೂ ಹೆಚ್ಚಾಗಿ ಮಿದುಳು ಅದರ ಮಾತು ಕೇಳೋದು ಬಿಡ್ತದ, ಬಿಪಿ ಏರಿಸೋ ನರಗಳು ಮಾತ್ರ ಕೇಳ್ತಾನ ಇರ್ತಾವ. ಅಡಿಪೊನೆಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ನಮಗ ಒಳ್ಳೇದು, ರಕ್ತನಾಳದ ಒಳಗೋಡಿ ಕಾಯ್ತದ, ಇನ್ಸುಲಿನ್ ಕೆಲಸಕ್ಕೂ ಆಸರ ಆಗ್ತದ, ಹೊಟ್ಟಿ ಬೆಳದಂಗ ಅದs ಕಡಿಮಿ ಆಗ್ತದ. ಇದರ ಜೋಡಿ ಉರಿಯೂತ ಹಬ್ಬಿಸೋ ಪದಾರ್ಥ ಬ್ಯಾರೆ, ರಕ್ತದ ಗಡ್ಡಿ ಕರಗದಂಗ ತಡಿಯೋ ಪಿಎಐ-1 ಬ್ಯಾರೆ. ಹೊಟ್ಟಿ ಒಳಗಿನ ಕೊಬ್ಬಿನ ರಕ್ತ ಸೀದಾ ಲಿವರ್‌ಗೆ ಹೋಗೋದರಿಂದ ಟ್ರೈಗ್ಲಿಸರೈಡ್ಸ್ (ರಕ್ತದಾಗಿನ ಕೊಬ್ಬು), ಶುಗರ್ ಎರಡೂ ಕೆಡ್ತಾವ.

ಲೆಪ್ಟಿನ್ ಟೆಸ್ಟ್‌ಗೆ ರೊಕ್ಕ ಹಾಕಬ್ಯಾಡ್ರಿ, ಅದರಿಂದ ಔಷಧ ಬದಲಾಗೂದಿಲ್ಲ. ಬಿಪಿ, ಫಾಸ್ಟಿಂಗ್ ಶುಗರ್, ಲಿಪಿಡ್ ಪ್ರೊಫೈಲ್ ಸಾಕು. ಬಿಪಿ 130/85, ಶುಗರ್ 100, ಟ್ರೈಗ್ಲಿಸರೈಡ್ಸ್ 150 ಮುಟ್ಟಿದ್ರ ಅಥವಾ ದಾಟಿದ್ರ, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಗಂಡಸ್ರಿಗೆ 40, ಹೆಂಗಸ್ರಿಗೆ 50ರ ಕೆಳಗ ಇದ್ರ ಲೆಕ್ಕಕ್ಕ ಬಂತು. ಹೊಟ್ಟಿ ಅಳತಿ ಸೇರಿ ಐದರಾಗ ಮೂರು ಹೊಂದಿದ್ರ ಡಾಕ್ಟರ್ ಹತ್ರ ಹೋಗೂದು ಮುಂದ ಹಾಕಬ್ಯಾಡ್ರಿ, ಮನ್ಯಾಗ ಯಾರಿಗರೆ ಸಣ್ಣ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿದ್ರ ಅದನ್ನೂ ಹೇಳ್ರಿ.

ಹೊಟ್ಟಿ ಇಳಿಸ್ಲಿಕ್ಕೆ ಸಿಟ್‌ಅಪ್ ಹೊಡದ್ರ ಅಲ್ಲಿಂದ ಕೊಬ್ಬು ಹೋಗೂದಿಲ್ಲ. ವಾರಕ್ಕ 150 ನಿಮಿಷ ಬಿರುಸಾಗಿ ನಡೀರಿ, ವೇತಾಳ ಟೇಕ್ಡಿ ಗುಡ್ಡ ಹತ್ತಿದ್ರ ಇನ್ನೂ ಚೊಲೊ, ಮೊಣಕಾಲು ನೋವಿದ್ರ ಸಪಾಟ ರಸ್ತಾ ಹಿಡೀರಿ. ತೂಕ ಇಳೀದಿದ್ರೂ ಒಳಗಿನ ಕೊಬ್ಬು ಕಡಿಮಿ ಆಗ್ತದ, ಅದಕ್ಕ ತಿಂಗಳಿಗೊಮ್ಮೆ ಟೇಪ್. ಟಪರಿ ಚಹಾದಾಗಿನ ಸಕ್ರಿ, ಜೋಡಿಗೆ ಕ್ರೀಮ್ ರೋಲ್, ಮಿಸಳದ ಮ್ಯಾಲಿನ ಎರಡನೇ ಪಾವ್, ಇವನ್ನ ಮೊದಲು ಬಿಡ್ರಿ. ಸಿಗರೇಟು ಪೂರಾ ಬಂದ್. ಬಿಪಿ ಗುಳಿಗಿ ನಡದಿದ್ರ ನೀವs ನಿಲ್ಲಿಸಬ್ಯಾಡ್ರಿ.

ಎದಿ ಬಿಗೀತು, ಎಡಗೈ ಇಲ್ಲಾ ದವಡಿ ನೋವು, ತಣ್ಣನ ಬೆವರು, ಹಿಂಗಾದ್ರ ಟೇಪು ರಿಪೋರ್ಟು ಯಾವುದೂ ನೋಡ್ಕೋತ ಕೂಡಬ್ಯಾಡ್ರಿ, ಆ್ಯಸಿಡಿಟಿ ಅಂತ ಸೋಡಾ ಕುಡೀಬ್ಯಾಡ್ರಿ, 108ಕ್ಕ ಫೋನ್ ಹಚ್ಚರಿ.