ಮುಚ್ಚಳ ಕಳೆದುಹೋದ ಡಬ್ಬದಲ್ಲಿ ಗಿಡ ಬೆಳೆಸುವುದು ಹೇಗೆ

ಕಪಾಟಿನ ಕೆಳಗಿನ ಖಾನೆ ಒಮ್ಮೆ ತೆಗೆದು ನೋಡಿ. ಡಬ್ಬ ಸಿಕ್ಕರೆ ಮುಚ್ಚಳ ಇರುವುದಿಲ್ಲ, ಮುಚ್ಚಳ ಸಿಕ್ಕರೆ ಡಬ್ಬ ಇರುವುದಿಲ್ಲ. ಅಂಥವನ್ನೆಲ್ಲ ಹೊರಗೆ ಗುಡ್ಡೆ ಹಾಕಿ. ಕುಂಡ, ಸಸಿ ಟ್ರೇ, ನೀರು ಹಾಕುವ ಕ್ಯಾನ್ ಎಲ್ಲವೂ ಅದರಲ್ಲೇ ಇವೆ.

ಮೊದಲು ಬೇಡದ್ದನ್ನು ಬೇರೆ ಮಾಡಿ. ಪೇಂಟ್, ಆಸಿಡ್, ಕೀಟನಾಶಕ ಇದ್ದ ಡಬ್ಬ ಎಷ್ಟು ತೊಳೆದರೂ ಬೇಡ. ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ತ್ರಿಕೋನದ ಒಳಗೆ ಒಂದು ಅಂಕಿ ಇರುತ್ತದೆ, ಅದು ಯಾವ ಬಗೆಯ ಪ್ಲಾಸ್ಟಿಕ್ ಅಂತ ಹೇಳುತ್ತದೆ. 2 ಅಥವಾ 5 ಇದ್ದರೆ ಸೊಪ್ಪು, ತರಕಾರಿಗೆ ಬಳಸಿ. 3 ಅಥವಾ 6 ಇದ್ದರೆ ನಾನು ಹೂವಿನ ಗಿಡಕ್ಕಷ್ಟೇ ಇಟ್ಟುಕೊಳ್ಳುತ್ತೇನೆ.

ಇನ್ನು ತೂತು. ಡಬ್ಬದಲ್ಲಿ ನೆಟ್ಟ ಗಿಡ ನೀರಿಲ್ಲದೆ ಸಾಯುವುದಕ್ಕಿಂತ ನೀರು ನಿಂತು ಬೇರು ಕೊಳೆತು ಸಾಯುವುದೇ ಜಾಸ್ತಿ. ಡ್ರಿಲ್ ಇದ್ದರೆ ಡಬ್ಬವನ್ನು ಮರದ ತುಂಡಿನ ಮೇಲೆ ಇಟ್ಟು, ಒತ್ತದೆ, ನಿಧಾನವಾಗಿ ಕೊರೆಯಿರಿ. ನಾನು ಅವಸರ ಮಾಡಿ ಒಂದು ಒಳ್ಳೇ ಟಬ್ ಸೀಳಿಸಿಕೊಂಡಿದ್ದೇನೆ. ಡ್ರಿಲ್ ಇಲ್ಲದಿದ್ದರೆ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ ಚುಚ್ಚಬಹುದು, ಆದರೆ ಬಯಲಲ್ಲಿ ಮಾಡಿ, ಆ ಹೊಗೆ ಕುಡಿಯಬೇಡಿ, 3ನೇ ಅಂಕಿಯ ಡಬ್ಬವನ್ನಂತೂ ಸುಡಲೇಬೇಡಿ. ಒಂದಡಿ ಅಗಲದ ಟಬ್‌ಗೆ 6ರಿಂದ 8 ಮಿಲಿಮೀಟರಿನ ಆರೆಂಟು ತೂತು ಸಾಕು. ತಳ ಚಪ್ಪಟೆ ಇದ್ದರೆ ನೆಲಕ್ಕೆ ಅಂಟಿ ತೂತು ಮುಚ್ಚಿಹೋಗುತ್ತದೆ, ಅದಕ್ಕೆ ಪಕ್ಕದಲ್ಲೂ ತಳಕ್ಕೆ ತಾಗಿದಂತೆ ಎರಡು ಇರಲಿ, ಇಲ್ಲವೇ ಇಟ್ಟಿಗೆ ತುಂಡಿನ ಮೇಲೆ ಇಡಿ.

ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಹಾಗಾಗುವುದಿಲ್ಲ. ಸಣ್ಣ ಮಣ್ಣು ಜಲ್ಲಿಗೆ ತಾಗುವ ಜಾಗದಲ್ಲೇ ನೀರು ನಿಂತುಬಿಡುತ್ತದೆ, ಅಂದರೆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬಂತು. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಚೂರು ಸೊಳ್ಳೆ ಪರದೆ ಹಾಸಿ, ಅಷ್ಟೇ.

ಸೊಪ್ಪಿಗೆ 15 ಸೆಂಟಿಮೀಟರ್ ಆಳ ಸಾಕು. ಟೊಮೆಟೊ, ಬದನೆಗೆ 30 ಬೇಕು. 20 ಲೀಟರಿನ ಟಬ್‌ಗೆ ಮಣ್ಣು ತುಂಬಿ ನೀರು ಹಾಕಿದರೆ 20 ಕಿಲೋ ದಾಟುತ್ತದೆ, ಹಾಗಾಗಿ ಇಡುವ ಜಾಗದಲ್ಲೇ ತುಂಬಿ. ತೆಳು ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗುತ್ತದೆ, ಅಂಚು ಹಿಡಿದು ಎತ್ತಿದರೆ ಅಂಚು ಮಾತ್ರ ಕೈಗೆ ಬರುತ್ತದೆ.

ಮುಚ್ಚಳ ಉಳಿದಿರುವ ಪಾರದರ್ಶಕ ಡಬ್ಬ ಇದ್ದರೆ ಅದಕ್ಕೆ ತೂತು ಮಾಡಬೇಡಿ. ತಲೆಕೆಳಗು ಮಾಡಿ. ಮುಚ್ಚಳದಲ್ಲಿ ಮೊಸರು ಕಪ್ಪುಗಳನ್ನು (ಇವಕ್ಕೆ ತೂತು ಬೇಕು) ಜೋಡಿಸಿ ಬೀಜ ಹಾಕಿ, ಮೇಲಿನಿಂದ ಡಬ್ಬ ಕವುಚಿ. ತೇವ ಒಳಗೇ ಉಳಿಯುತ್ತದೆ, ದಿನಾ ನೀರು ಹಾಕುವ ಕೆಲಸ ಇಲ್ಲ. ನೇರ ಬಿಸಿಲಿಗೆ ಇಟ್ಟರೆ ಮೊಳಕೆ ಬೆಂದುಹೋಗುತ್ತದೆ, ಬೆಳಕಿರುವ ನೆರಳಲ್ಲಿ ಇಡಿ. ಮೊಳಕೆ ಕಂಡ ದಿನವೇ ಒಂದು ಕಡೆ ಕಡ್ಡಿ ಕೊಟ್ಟು ಡಬ್ಬವನ್ನು ಸ್ವಲ್ಪ ಎತ್ತಿಡಿ, ಗಾಳಿ ಆಡದಿದ್ದರೆ ಸಸಿಯ ಬುಡ ಕೊಳೆಯುತ್ತದೆ.

ಹಿಡಿ ಇರುವ 5 ಲೀಟರಿನ ಕ್ಯಾನ್‌ನ ಮುಚ್ಚಳಕ್ಕೆ ಕಾದ ಸೂಜಿಯಿಂದ ಹತ್ತಿಪ್ಪತ್ತು ತೂತು ಮಾಡಿದರೆ ನೀರು ಹಾಕುವ ಕ್ಯಾನ್ ಆಯಿತು. ಹಿಡಿಯ ಮೇಲೂ ಒಂದು ತೂತು ಬೇಕು. ಗಾಳಿ ಒಳಗೆ ಹೋಗದಿದ್ದರೆ ನೀರು ಗುಳುಗುಳು ಅಂತ ತಡೆದು ತಡೆದು ಬರುತ್ತದೆ.

ಗಾಜಿನ ಜಾರ್ ಬೀಜಕ್ಕೆ. ಚೆನ್ನಾಗಿ ಒಣಗಿದ ಬೀಜ ಹಾಕಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದನ್ನು ಜೊತೆಗಿಟ್ಟು, ತಂಪಾದ ಕತ್ತಲೆ ಜಾಗದಲ್ಲಿ ಇಡಿ.

ಡಬ್ಬ ಇಲ್ಲದೆ ಉಳಿದ ಬಿಳಿ ಮುಚ್ಚಳಗಳನ್ನು ಬೆರಳಗಲ ಪಟ್ಟಿಯಾಗಿ ಕತ್ತರಿಸಿ, ಯಾವ ಗಿಡ, ಯಾವ ದಿನ ಬಿತ್ತಿದ್ದು ಅಂತ ಬರೆದು ಮಣ್ಣಿಗೆ ಚುಚ್ಚಿ. ಮಾರ್ಕರ್ ಬೇಡ, ಬಿಸಿಲಿಗೆ ಮಾಸುತ್ತದೆ. ಪಟ್ಟಿಯನ್ನು ಉಪ್ಪುಕಾಗದದಲ್ಲಿ ಒಂದೆರಡು ಸಲ ಉಜ್ಜಿ ಪೆನ್ಸಿಲ್‌ನಲ್ಲಿ ಬರೆಯಿರಿ.